ಡಬ್ಬಿ ಅಕ್ಕ ಕಾಯುವ ಇಪ್ಪತ್ತಾರು ಕಂಬಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೇತುವೆಯ ಮೂರನೇ ಕಂಬದ ಪಕ್ಕ ದೋಣಿ ನಿಂತಿದೆ. ಅದರಲ್ಲಿ ಕೂತ ಹೆಂಗಸು ಮೊಣಕೈವರೆಗೂ ನೀರಿಗೆ ಕೈ ಹಾಕಿ ಹಗ್ಗವೊಂದನ್ನು ಜಗ್ಗಿ ನೋಡುತ್ತಾರೆ. ಹಗ್ಗದ ತುದಿಯಲ್ಲಿ ಕೆಂಪು ಬಳಿದ ಎಣ್ಣೆ ಡಬ್ಬಿ ತೇಲುತ್ತಿದೆ. "ಇದು ಗಟ್ಟಿಯಾಗಿದೆ" ಎಂದು ತಮಗೇ ಹೇಳಿಕೊಂಡು ಮುಂದಿನದರತ್ತ ಹುಟ್ಟು ಹಾಕುತ್ತಾರೆ. ಮೀನು ಹಿಡಿದು ಬದುಕುವ ಐವತ್ತೆರಡರ ಇವರನ್ನು ದಡದವರೆಲ್ಲ ಕರೆಯುವುದು ಡಬ್ಬಿ ಅಕ್ಕ ಎಂದೇ.

ಇಲ್ಲಿದ್ದ ಹಳೆಯ ಸೇತುವೆ ಕೆಡವಿ ಇದನ್ನು ಕಟ್ಟಿದಾಗ ನೀರಿನ ಮೇಲೆ ಕಂಡದ್ದನ್ನಷ್ಟೇ ಒಡೆದು ಸಾಗಿಸಿದರು. ಒಳಗಿನ ಬುಡಗಳನ್ನು, ಅವುಗಳಿಂದ ಚಾಚಿದ ಕಬ್ಬಿಣವನ್ನು ಹಾಗೇ ಬಿಟ್ಟರು. ಮೇಲಿಂದ ನೋಡಿದರೆ ಕನ್ನಡಿಯಂಥ ನೀರು. ಒಂದು ಮೊಳ ಕೆಳಗೆ ಈಟಿಗಳ ಹಾಗೆ ನಿಂತ ಇಪ್ಪತ್ತಾರು ಕಂಬಿಗಳು. ಕಾಮಗಾರಿ ಮುಗಿದಿದೆ ಎಂದು ಸಹಿ ಹಾಕಿದವರಲ್ಲಿ ಒಬ್ಬರಾದರೂ ನೀರಿಗಿಳಿದು ನೋಡಿದ್ದರೇ?

ಇಳಿದದ್ದು ಅಕ್ಕನ ಗಂಡ. ಸಿಕ್ಕಿಕೊಂಡ ಬಲೆ ಬಿಡಿಸಲು ಹೋದಾಗ ಕಂಬಿ ತೊಡೆ ಸೀಳಿತು. ನಾಲ್ಕು ವರ್ಷವಾಯಿತು. ಈಗ ಅವರು ಹೊಸ್ತಿಲ ಬಳಿ ಕಾಲು ಚಾಚಿ ಕೂತು ಬಲೆ ಹೆಣೆಯುತ್ತಾರೆ. "ಮನೇಲಿ ಎಣ್ಣೆ ಖಾಲಿಯಾದ್ರೆ ಖುಷಿಪಡೋ ಹೆಂಗಸು ಇವಳೊಬ್ಬಳೇ" ಎಂದು ನಗುತ್ತಾರೆ.

ಆ ವರ್ಷವೇ ಅಕ್ಕ ಮುಳುಗಿ ಮುಳುಗಿ ಒಂದೊಂದೇ ಕಂಬಿ ಹುಡುಕಿ ಗುರುತಿಗೆ ಡಬ್ಬಿ ಕಟ್ಟಿದರು. ಯಾರೂ ಹೇಳಿದ್ದಲ್ಲ. ದಿನಾ ಒಂದೂವರೆ ಗಂಟೆ ಇದಕ್ಕೇ ಬೇಕು. ಮಳೆಗಾಲದಲ್ಲಿ ವಾರಕ್ಕೆ ಆರೇಳು ಡಬ್ಬಿ ಹೊಳೆಪಾಲು.

ಕಳೆದ ಬೇಸಿಗೆಯಲ್ಲಿ ಸೇತುವೆಗೆ ಹೊಸ ದೀಪಗಳು ಬಂದವು. ಉದ್ಘಾಟನೆಯ ಫೋಟೊದಲ್ಲಿ ಹೊಳೆ ಚೆನ್ನಾಗಿ ಕಾಣಲೆಂದು ಹಿಂದಿನ ದಿನ ಡಬ್ಬಿಗಳನ್ನೆಲ್ಲ ಕತ್ತರಿಸಿ ಕಸದ ಲಾರಿಗೆ ತುಂಬಿದರು! ಮೂರನೇ ದಿನ ಮಧ್ಯಾಹ್ನ ದಾರಿಯಲ್ಲಿ ಹೋಗುತ್ತಿದ್ದ ಲಾರಿಯ ಚಾಲಕರೊಬ್ಬರು ಸೆಕೆ ತಾಳಲಾರದೆ ದಡದಿಂದ ನೀರಿಗೆ ಹಾರಿದರು. ಸ್ವಲ್ಪ ದೂರದಲ್ಲಿ ಹೊಸ ಡಬ್ಬಿ ಕಟ್ಟುತ್ತಿದ್ದ ಅಕ್ಕ ಕೂಗುವಷ್ಟರಲ್ಲಿ ನೀರು ಕೆಂಪಾಗಿತ್ತು. ಭುಜಕ್ಕೆ ಹೊಕ್ಕಿದ್ದ ಕಂಬಿಯಿಂದ ಬಿಡಿಸಿ ದೋಣಿಗೆ ಎಳೆದುಕೊಂಡರು. ಚಾಲಕರ ಜೀವ ಉಳಿಯಿತು. ಆ ಕೈ ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ.

ಅದೇ ಒದ್ದೆ ಬಟ್ಟೆಯಲ್ಲಿ ಅಕ್ಕ ಸೇತುವೆ ನೋಡಿಕೊಳ್ಳುವ ಕಚೇರಿಗೆ ಹೋದರು. ಎಂಜಿನಿಯರು ಕಡತದಿಂದ ತಲೆಯೆತ್ತಲಿಲ್ಲ.

"ಸೇತುವೆ ನಮ್ಮದಮ್ಮಾ. ನೀರು ಪಕ್ಕದ ಕಚೇರಿಯವ್ರದ್ದು."

ಪಕ್ಕದ ಕಚೇರಿಯ ಗುಮಾಸ್ತರು, "ನೀರು ನಮ್ಮದೇ. ಕಬ್ಬಿಣ ನಮ್ಮದಲ್ಲ" ಎಂದರು.

"ಹಾಗಾದ್ರೆ ನನ್ನ ಸೆರಗಿಗೆ ಹತ್ತಿರೋ ಈ ರಕ್ತ ಯಾರದ್ದು ಸ್ವಾಮಿ?"

ವಾರದ ಮೇಲೆ ಒಂದು ಫಲಕ ಬಂತು: ‘ಈಜುವುದನ್ನು ನಿಷೇಧಿಸಲಾಗಿದೆ.’ ಅದೂ ಸೇತುವೆಯ ಮೇಲೆ, ಬಸ್ಸು ಲಾರಿಗಳಿಗೆ ಮುಖ ಮಾಡಿ. ಜೊತೆಗೆ ಅಕ್ಕನಿಗೊಂದು ನೋಟಿಸು, ನೀರಿನಲ್ಲಿ ಅನಧಿಕೃತ ವಸ್ತು ತೇಲಿಬಿಟ್ಟದ್ದಕ್ಕೆ ಕಾರಣ ಕೊಡಿ ಎಂದು. ಕಂಬಿ ಬಿಟ್ಟುಹೋದವರಿಗೆ ಮಾತ್ರ ಇಂದಿನವರೆಗೂ ಒಂದು ಚೀಟಿಯೂ ಹೋಗಿಲ್ಲ.

"ಓದೋಕೆ ಬರಲ್ಲ ಅಂದ್ಕೊಂಡ್ರೇನೋ. ಪೂರ್ತಿ ಓದ್ದೆ. ಆಮೇಲೆ ಅದ್ರಲ್ಲೇ ಬ್ರಷ್ ಒರೆಸಿ ಡಬ್ಬಿಗೆ ಬಣ್ಣ ಬಳಿದೆ" ಎನ್ನುತ್ತಾರೆ ಅಕ್ಕ. ಇಪ್ಪತ್ತಾರೂ ಮತ್ತೆ ತೇಲುತ್ತಿವೆ. ಆಮೇಲೆ ಇಲ್ಲಿ ಯಾರಿಗೂ ಗಾಯವಾಗಿಲ್ಲ.

ಸನ್ಮಾನದ ಮಾತೆತ್ತಿದರೆ ಕೈ ಅಡ್ಡ ಆಡಿಸುತ್ತಾರೆ.

"ಅದೆಲ್ಲ ಬೇಡಪ್ಪಾ. ಬೇಸಿಗೆ ಕೊನೇಲಿ ನೀರು ಸೊಂಟಕ್ಕಿಳಿಯುತ್ತೆ. ಆಗ ಕಬ್ಬಿಣ ಕತ್ತರಿಸೋನು ಒಬ್ಬ ಬಂದ್ರೆ ಸಾಕು. ಒಂದೇ ದಿನದ ಕೆಲಸ. ಎಲ್ಲೆಲ್ಲಿದೆ ಅಂತ ನಾನು ಕಣ್ಮುಚ್ಕೊಂಡು ತೋರಿಸ್ತೀನಿ."