ಆರು ನಿಮಿಷ ತಡವಾಗಿ ಬಂದ ಹಕ್ಕಿ

ಆ ಸಂಜೆಯ ಬಗ್ಗೆ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ. ಕೆಲಸದ ಸಂದರ್ಶನಗಳಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಹೊಳಪು ಏರಿದೆ. ಅಲ್ಲಿ ಇಪ್ಪತ್ತು ಜನ ಇದ್ದರೋ ಎಂಟೇ ಜನವೋ, ಈಗ ಆಣೆ ಮಾಡಿ ಹೇಳಲಾರೆ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿ ಎರಡು ವರ್ಷವಾಗಿತ್ತು. ಪ್ರಯೋಗಾಲಯದಲ್ಲಿ ಕೂತು ಕದ್ದುಮುಚ್ಚಿ ವೆಬ್‌ಸೈಟ್ ಮಾಡುವುದನ್ನು ಕಲಿಯುತ್ತಿದ್ದೆ. ಹಲಸೂರಿನ ನಮ್ಮ ಮನೆ ತಾರಸಿಯಲ್ಲಿ ಹದಿನಾಲ್ಕು ಪಾರಿವಾಳಗಳಿದ್ದವು. ನಮ್ಮ ಪಂದ್ಯ ಸರಳ: ಎಲ್ಲರ ಹಕ್ಕಿಗಳನ್ನೂ ದೂರದ ಊರಿಗೆ ಒಯ್ದು ಒಟ್ಟಿಗೆ ಹಾರಿಬಿಡುತ್ತಾರೆ, ಅವು ತಂತಮ್ಮ ಗೂಡಿಗೆ ಮರಳುತ್ತವೆ. ಫಲಿತಾಂಶ ಬರೆದಿಡುತ್ತಿದ್ದವರು ರಸೆಲ್ ಮಾರುಕಟ್ಟೆಯ ಹಿಂದೆ ಕಾಳು ಮಾರುವ ಚಾಚಾ. ಅವರ ನೋಟ್‌ಬುಕ್ಕಿನ ಬದಲು, ಎಲ್ಲರ ಫೋನಿನಲ್ಲೂ ಆಗಿಂದಾಗ ಕಾಣುವ ಒಂದು ಪುಟ ಮಾಡಿಕೊಡುತ್ತೇನೆ ಎಂದೆ. ಒಂದು ಪಂದ್ಯ ನೋಡೋಣ ಎಂದರು. ಅದು ಸರಿಬಂದರೆ ಸಂಶೋಧನೆ ಬಿಟ್ಟು ಇದನ್ನೇ ಹಿಡಿಯುವುದೆಂದು ಯಾರಿಗೂ ಹೇಳದೆ ತೀರ್ಮಾನಿಸಿದ್ದೆ.

ಆ ಭಾನುವಾರ ಬೆಳಗ್ಗೆ ಚಿತ್ರದುರ್ಗದಿಂದ ಬಿಟ್ಟರು. ಹತ್ತು ಗಂಟೆಗೆಲ್ಲ ಆಕಾಶ ನೋಡಿ ನೋಡಿ ಕತ್ತು ಹಿಡಿದುಕೊಂಡಿತ್ತು. ನನ್ನ ಬೂದು ಹೆಣ್ಣು ಪಾರಿವಾಳ ನೀರಿನ ಟ್ಯಾಂಕಿನ ಮೇಲಿಂದ ಗೂಡಿಗೆ ಇಳಿದ ಕೂಡಲೇ ಫೋನಿನಲ್ಲಿ ಸಮಯ ಒತ್ತಿದೆ. ಪುಟದಲ್ಲಿ ನನ್ನದೇ ಮೊದಲು! ಆರು ನಿಮಿಷದ ಮೇಲೆ ಕೆ.ಆರ್. ಪುರದ ಬಸ್ ಮೆಕ್ಯಾನಿಕ್ ಒಬ್ಬರ ಹಕ್ಕಿ.

ಸಂಜೆ ಚಾಚಾ ಅಂಗಡಿ ಪಕ್ಕದ ಟೀ ಅಂಗಡಿಯಲ್ಲಿ ಸೇರಿದೆವು. ಚಾಚಾ ಫೋನನ್ನು ದೂರ ಹಿಡಿದು ಓದಿ, ಎದುರು ಕೂತಿದ್ದ ಮೆಕ್ಯಾನಿಕ್ ಕಡೆ ಕೈ ತೋರಿಸಿದರು.

"ಬೇಟಾ, ಇವ್ರ ಹಕ್ಕಿ ನಿಮ್ಮನೆ ದಾಟಿ ಇನ್ನೂ ಮುಂದಕ್ಕೆ ಹಾರ್ಬೇಕು. ಆ ದೂರ ಎಲ್ಲಿ ಹೋಯ್ತು?"

ಮೆಕ್ಯಾನಿಕ್ ಟೀ ಊದುತ್ತ, "ಬಿಡಿ ಚಾಚಾ, ಫಿಜಿಕ್ಸ್ ಓದ್ತಾವ್ನೆ. ವೇಗದ ಪಾಠ ಇನ್ನೂ ಬಂದಿಲ್ವೇನೋ" ಎಂದರು.

ಗೆಲ್ಲುವುದು ಮೊದಲು ಬಂದ ಹಕ್ಕಿಯಲ್ಲ, ವೇಗವಾಗಿ ಹಾರಿದ ಹಕ್ಕಿ. ಹತ್ತನೇ ವಯಸ್ಸಿನಿಂದ ಗೊತ್ತಿದ್ದ ಮಾತು. ಪ್ರತಿ ಗೂಡಿನ ದೂರವನ್ನೂ ಪುಟಕ್ಕೆ ತುಂಬಿದ್ದೆ, ಹೆಸರುಗಳನ್ನು ಜೋಡಿಸುವಾಗ ಮಾತ್ರ ಬರೀ ಸಮಯ ನೋಡಿದ್ದೆ. ಅದೂ ನನ್ನ ಹಕ್ಕಿಯೇ ಗೆಲ್ಲುವಂಥ ತಪ್ಪು. ಚಾಚಾ ನೋಟ್‌ಬುಕ್ ತೆರೆದರು.

ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತಿದ್ದಿದೆ. ಒಂದೇ ಸಾಲು ಕೋಡ್, ಸಮಯದ ಬದಲು ವೇಗ. ಎಲ್ಲರ ಫೋನಿನಲ್ಲೂ ಒಮ್ಮೆಗೇ ಕೆ.ಆರ್. ಪುರ ಮೇಲೇರಿತು, ನಾನು ಕೆಳಗಿಳಿದೆ. ಯಾರೋ ಸಿಳ್ಳೆ ಹಾಕಿದರು, ಅಥವಾ ಅದು ನಾನು ಆಮೇಲೆ ಸೇರಿಸಿದ್ದೋ. ನನ್ನದೇ ಹಕ್ಕಿ ಸೋತದ್ದಕ್ಕೆ ನಾನು ಹಿಗ್ಗಿ ಕೂತಿದ್ದೆ. ಇಲ್ಲಿ ತಪ್ಪು ಮಾಡಿದರೆ ಸಂಜೆಯೊಳಗೆ ಬೈಸಿಕೊಂಡು ಸಂಜೆಯೊಳಗೆ ತಿದ್ದಬಹುದು. ಪ್ರಯೋಗಾಲಯದಲ್ಲಿ ನಾನು ಸರಿಯೋ ತಪ್ಪೋ ಎಂದು ಎರಡು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

ಚಾಚಾ ನೋಟ್‌ಬುಕ್ಕಿನಲ್ಲಿ ತಾವೇ ದೂರವನ್ನು ಸಮಯದಿಂದ ಭಾಗಿಸಿ ಪುಟದೊಂದಿಗೆ ತಾಳೆ ನೋಡಿದರು. "ಮುಂದಿನ್ ಸಲಾನೂ ಇದೇ ಇರ್ಲಿ" ಎಂದರು.

ಅಲ್ಲಿಂದ ಇಂದಿರಾನಗರದ ಪುಟ್ಟ ಕಂಪನಿ, ಆಮೇಲೆ ದೊಡ್ಡದು. ಇವತ್ತಿಗೂ ವೆಬ್‌ಸೈಟ್ ಮಾಡುವುದೇ ನನ್ನ ಕೆಲಸ. ಆ ಬೆಂಚಿನ ಮೇಲೆ ಕೂತೇ ಗೈಡ್‌ಗೆ ಸಂಶೋಧನೆ ಬಿಡುತ್ತೇನೆಂದು ಬರೆದೆ ಎಂದು ಎಲ್ಲರಿಗೂ ಹೇಳುತ್ತೇನೆ. ಇಷ್ಟು ಚೆಂದದ ಮಾತು ನಾನೇ ಕಟ್ಟಿದ್ದಿರಬೇಕೆಂದು ಅನುಮಾನವಿತ್ತು. ಕಳೆದ ತಿಂಗಳು ಹಳೆಯ ಕೋಡ್, ಹಳೆಯ ಇಮೇಲ್ ಎರಡನ್ನೂ ತೆಗೆದು ನೋಡಿದೆ. ಆ ಸಾಲು ತಿದ್ದಿದ್ದು ಸಂಜೆ ಆರು ಇಪ್ಪತ್ತೆರಡಕ್ಕೆ. ಪತ್ರ ಹೋದದ್ದು ಅದೇ ಭಾನುವಾರ, ಆರು ನಲವತ್ತಕ್ಕೆ.