ಹುಡುಗಿ ಎಲ್ಲಿ?

ಪಾಠದ ನಡುವೆ ನಮ್ಮ ಮೇಡಂ ಚಪ್ಪಲಿ ಬಿಟ್ಟರೆಂದರೆ ಕಥೆಯಲ್ಲಿ ಯಾರೋ ಸಾಯುತ್ತಾರೆ ಎಂದೇ ಅರ್ಥ. ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಆ ಬರಿಗಾಲಲ್ಲಿ ನಿಂತು ಗ್ರೀಸ್ ದೇಶದ ಹಳೆಯ ದುರಂತ ನಾಟಕ ಹೇಳುತ್ತಿದ್ದರು. ಶಿರಾಳಕೊಪ್ಪದ ಬಸ್ಸುಗಳು ಕಾಲೇಜಿನ ಹೊರಗೆ ಹಾರನ್ ಬಾರಿಸುತ್ತಲೇ ಇರುತ್ತಿದ್ದವು, ನಮಗೆ ಕೇಳುತ್ತಿರಲಿಲ್ಲ. ಹಿಂದಿನ ಬೆಂಚಿನ ಪುಂಡರೂ ಬಾಯಿ ತೆರೆದು ಕೂರುತ್ತಿದ್ದರು. "ಸತ್ತೋರ ವಿಷ್ಯ ಕಣ್ರೋ, ಚಪ್ಪಲಿ ಮೆಟ್ಕಂಡು ಹೇಳಕ್ಕಾಗಲ್ಲ" ಎನ್ನುತ್ತಿದ್ದರು ಮೇಡಂ.

ಯುದ್ಧಕ್ಕೆ ಹೊರಟ ರಾಜ, ಹಡಗಿಗೆ ಗಾಳಿ ಬೀಸಲೆಂದು ಮಗಳನ್ನೇ ಬಲಿ ಕೊಡುತ್ತಾನೆ. ಅದಕ್ಕೆ ರಾಣಿ ಅವನನ್ನು ಕೊಲ್ಲುತ್ತಾಳೆ. ಅಪ್ಪನ ಸೇಡಿಗೆ ಮಗ ತಾಯಿಯನ್ನೇ ಕಡಿಯುತ್ತಾನೆ. ಕೊನೆಗೆ ನ್ಯಾಯಸಭೆ ಕೂಡಿ ಮಗನನ್ನು ಬಿಟ್ಟುಬಿಡುತ್ತದೆ. "ನಮ್ಮ ಚಂದ್ರಗುತ್ತಿ ಗುಡಿ ಅಮ್ಮನ ಮೇಲೆ ಅಪ್ಪನ ಮಾತಿಗೆ ಕೊಡಲಿ ಎತ್ತಿದ್ದೂ ಹೆತ್ತ ಮಗನೇ ಅಲ್ವಾ" ಎಂದು ತಡೆದು, ಮೇಡಂ ನಮ್ಮನ್ನೇ ದಿಟ್ಟಿಸಿ ಕೇಳುತ್ತಿದ್ದರು: "ಅಪ್ಪನ ರಕ್ತ ದೊಡ್ಡದೋ ಅವ್ವನ ರಕ್ತ ದೊಡ್ಡದೋ ಅಂತ ಅಷ್ಟು ವಾದ ಮಾಡಿದ್ರಲ್ಲ, ಮೊದ್ಲು ಸತ್ತ ಹುಡುಗಿ ಎಲ್ಲಿ?"

ಆ ವರ್ಷವೇ ನನ್ನ ಅಕ್ಕ ರತ್ನ ಸೊರಬದ ಕಡೆಯ ಗಂಡನ ಮನೆಯಲ್ಲಿ ಬಾವಿಗೆ ಬಿದ್ದು ಸತ್ತಳು. ಕಾಲು ಜಾರಿತಂತೆ. ಕುತ್ತಿಗೆಯ ಮೇಲಿನ ಬೆರಳಿನ ಗುರುತನ್ನು ಅವ್ವ ಕಂಡಿದ್ದಳು. ಅಣ್ಣ ಮಚ್ಚು ಮಸೆಯುತ್ತ ಕೂತ. ಇತ್ತ ಹಿರಿಯರು ರಾಜಿ ಮಾಡಿಸಲು ಬಂದರು. ನಮ್ಮ ಕಡೆ ಪಂಚಾಯ್ತಿಯಲ್ಲಿ ತಟ್ಟೆಯ ಎಲೆ-ಅಡಿಕೆ ಎತ್ತಿಕೊಂಡರೆ ಮುಗಿಯಿತು, ಆಮೇಲೆ ಪೊಲೀಸೂ ಇಲ್ಲ, ಕೋರ್ಟೂ ಇಲ್ಲ. ಅಪ್ಪನ ಕೈ ತಟ್ಟೆಯ ಹತ್ತಿರ ಹೋಗಿಬಿಟ್ಟಿತ್ತು. ನಾನೂ ಅವ್ವನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು.

ಅಷ್ಟರಲ್ಲಿ ಅಕ್ಕನ ಸುದ್ದಿ ಕೇಳಿ ಮೇಡಂ ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ನೆಟ್ಟಗೆ ಹೋಗಿ ಗಂಡಸರ ಜಮಖಾನದ ಮೇಲೆ ಕೂತರು.

"ಒಳಗ್ ಹೋಗಿ ಚಾ ಕುಡೀರಿ ಮೇಡಮ್ಮೋರೆ, ಇದು ಹೆಣ್ಮಕ್ಳ ಜಾಗ ಅಲ್ಲ" ಎಂದರು ಒಬ್ಬ ಹಿರಿಯರು.

"ಸತ್ತಿದ್ದು ಹೆಣ್ಮಗಳೇ ಅಲ್ವೇನ್ರೀ? ಆ ಎಲೆ ಹೆತ್ತೋಳು ಎತ್ಲಿ. ಅವ್ರು ಎತ್ತಿದ್ರೆ ನಾನ್ ಎದ್ದು ಹೋಗ್ತೀನಿ."

ನಾಲ್ಕು ಜನರೆದುರು ಎಂದೂ ಬಾಯಿ ಬಿಡದ ಅವ್ವ ಹೊರಗೆ ಬಂದಳು, ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ಅದನ್ನು ಕಂಡದ್ದೇ ಅಣ್ಣ ಮಚ್ಚು ಹಿಡಿದು ಎದ್ದ. ಮೇಡಂ ಕೂತಲ್ಲಿಂದಲೇ ಕೈ ಚಾಚಿದರು.

"ಇಲ್ ಕೊಡಪ್ಪ. ನೀನ್ ಕಡಿದ್ರೆ ಊರು ನಿನ್ ಕಥೆ ಹೇಳುತ್ತೆ. ರತ್ನ ಎಲ್ಲಿ ಅಂತ ಯಾರೂ ಕೇಳಲ್ಲ."

ಎಂಥ ಗಟ್ಟಿಗಿತ್ತಿ ನೋಡಿ. ಗಂಡಸರೆಲ್ಲ ಗೋಡೆಗೆ ಅಂಟಿಕೊಂಡಿದ್ದಾಗ ಈಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಅಣ್ಣ ಮಚ್ಚು ಕೊಟ್ಟು ಅವರ ಕಾಲ ಬಳಿ ಕುಸಿದು ಗೋಳೋ ಎಂದು ಅತ್ತ. ಮಾರನೆಯ ದಿನ ಭಾವನ ಮೇಲೆ ಪೊಲೀಸರಿಗೆ ದೂರು ಕೊಟ್ಟೆವು.

ಕೇಸು ವರ್ಷಗಟ್ಟಲೆ ಎಳೆಯಿತು. ಪ್ರತಿ ವಾಯಿದೆಗೂ ಮೇಡಂ ಬಂದು ಅವ್ವನ ಪಕ್ಕ ಕೂರುತ್ತಿದ್ದರು, ಸಕ್ಕರೆ ಕಾಯಿಲೆಯಿಂದ ಪಾದ ಊದಿಕೊಂಡ ಮೇಲೂ ತಪ್ಪಿಸಲಿಲ್ಲ. ತೀರ್ಪು ಬರುವ ಮೊದಲೇ ಹೋಗಿಬಿಟ್ಟರು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ತೀರ್ಪಿನ ದಿನ ಕೋರ್ಟಿನ ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟಳು. ನಾನೂ ಬಿಟ್ಟೆ.

"ಗುಡಿ ಅಂದ್ಕಂಡ್ರೇನಮ್ಮ, ಹಾಕ್ಕಂಡೇ ಬರ್ರಿ" ಎಂದ ಜವಾನ.

"ಇರ್ಲಿ ಬಿಡಪ್ಪ" ಎಂದಳು ಅವ್ವ.

ಭಾವನನ್ನು ಅಪರಾಧಿ ಎನ್ನುವ ಮೊದಲು ನ್ಯಾಯಾಧೀಶರು ಅಕ್ಕನ ಹೆಸರನ್ನು ಓದಿದರು. ಅವ್ವ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಕೇಳ್ತಾ ಮೇಡಮ್ಮೋರೆ? ನಮ್ ಹುಡುಗಿ ಇಲ್ಲೇ ಅದಾಳೆ."