ಸಭಿಕರ ಸೂಚ್ಯಂಕ

ಸಭೆ ತುಂಬಿದರೆ ಮುಂದಿನ ವರ್ಷವೂ ನನ್ನನ್ನೇ ಕರೆಯುವುದಾಗಿ ಮೂಡುಬಿದಿರೆಯ ಸಂಘಟಕರು ಮೊದಲೇ ಸೂಚಿಸಿದ್ದರು. ಹಾಗಾಗಿ ಹಳಗನ್ನಡ ಗದ್ಯವನ್ನು ಕುರಿತ ನನ್ನ ಉಪನ್ಯಾಸಕ್ಕೆ, ಬಂಟ್ವಾಳದಲ್ಲಿ ಬಸ್ಸೇರಿ ಪಕ್ಕದಲ್ಲಿ ಕುಳಿತ, ವ್ಯಾಪಾರಕ್ಕೆಂದು ಮೂಡುಬಿದಿರೆಗೇ ಹೊರಟಿದ್ದ ಬೆಳ್ತಂಗಡಿಯ ಜವಳಿ ವ್ಯಾಪಾರಿ ಹಮೀದರನ್ನೂ ಆಹ್ವಾನಿಸಿದೆ. ಅವರು ಮೊಬೈಲಿನಲ್ಲಿ ಬ್ಯಾಂಕುಗಳ ಷೇರು ಸೂಚ್ಯಂಕವನ್ನೇ ದಿಟ್ಟಿಸುತ್ತಿದ್ದರು.

"ಇದನ್ನು ಗಣಿಸುವ ಬಗೆ ಹೇಗೆ?" ಎಂದು ವಿಚಾರಿಸಿದೆ.

"ಒಂದೇ ಕ್ಷೇತ್ರದ ಕಂಪೆನಿಗಳನ್ನು ಆರಿಸುವುದು ಸರ್. ದೊಡ್ಡದಕ್ಕೆ ತೂಕ ಹೆಚ್ಚು. ಆದರೆ ಮಾಲಕರು ತಮ್ಮಲ್ಲೇ ಇಟ್ಟುಕೊಂಡ ಷೇರು ಲೆಕ್ಕಕ್ಕಿಲ್ಲ. ಪೇಟೆಯಲ್ಲಿ ಓಡಾಡುವ ಷೇರಿಗೆ ಮಾತ್ರ ಲೆಕ್ಕ ಉಂಟು. ಆರು ತಿಂಗಳಿಗೊಮ್ಮೆ ನೋಡಿ, ಸೊರಗಿದವರನ್ನು ಹೊರಗೆ ಹಾಕ್ತಾರೆ."

ಉಪನ್ಯಾಸ ಮುಗಿದಾಗಲೂ ಸಭಾಂಗಣ ತುಂಬಿಯೇ ಇತ್ತು. "ಕಂಡಿರಾ?" ಎಂದು, ಕರೆಗೆ ಓಗೊಟ್ಟು ಬಂದಿದ್ದ ಹಮೀದರೆದುರು ಬೀಗಿದೆ.

ಹಮೀದರು ಕುರ್ಚಿಗಳತ್ತ ಕಣ್ಣು ಹಾಯಿಸಿದರು. "ಪಕ್ಕದವರನ್ನು ಕೇಳಿದೆ ಸರ್. ಮುಂದಿನ ಸಾಲು ಅಧ್ಯಕ್ಷರ ಮನೆಯವರು. ನಡುವಿನವರು ಸಂಘದ ಪದಾಧಿಕಾರಿಗಳು. ಹಿಂದಿನ ಮಕ್ಕಳನ್ನು ಹಾಜರಿ ಕೊಡ್ತೇವೆ ಅಂತ ಕೂರಿಸಿದ್ದು. ಅದೆಲ್ಲ ಮಾಲಕರ ಷೇರು ಮಾರಾಯ್ರೆ, ಲೆಕ್ಕಕ್ಕಿಲ್ಲ."

"ಹಾಗಾದರೆ ಉಳಿದವರು?"

"ನಾನೊಬ್ಬ. ನನಗೂ ಬೆಳ್ತಂಗಡಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಹಾಗೆ ಕೂತೆ."

ಸಂಘಟಕರು ಮಾತ್ರ ತುಂಬಿದ ಕುರ್ಚಿಗಳನ್ನು ಕಂಡು ಹಿಗ್ಗಿ, ಮುಂದಿನ ವರ್ಷಕ್ಕೂ ನನ್ನನ್ನೇ ಗೊತ್ತುಮಾಡಿದರು. ಅವರಿಗೆ ಷೇರುಪೇಟೆಯ ಗಣಿತ ತಿಳಿಯದಿರುವುದು ಹಳಗನ್ನಡದ ಸುದೈವವೆಂದೇ ಭಾವಿಸಿದ್ದೇನೆ.